ಹೊಂಬಾಳಕ್ಕನ ನಲ್ಲಿಯ ಗುರುತು

ನನಗೆ ಶ್ರುತಿ ನಿಲ್ಲುವುದಿಲ್ಲ ಎಂದು ಸುರುಳಿ ಬೀದಿಗೆಲ್ಲ ಸಾರಿದವಳು ಹೊಂಬಾಳಕ್ಕ. ನಾನು ಮದುವೆಯಾಗಿ ಈ ಬೀದಿಗೆ ಬಂದ ಮಾರನೆಯ ದಿನವೇ, ಎದುರುಮನೆಯ ಜಗಲಿಯ ಮೇಲೆ ನಿಂತು, ನೀಲಿ ಹತ್ತಿದ ಕೈಗಳಿಂದ ಎರಡೂ ಕಿವಿ ಮುಚ್ಚಿಕೊಂಡು ತೋರಿಸಿದ್ದಳು. ಆಮೇಲೆ ಇಪ್ಪತ್ತೆಂಟು ವರ್ಷ ಬೆಳಗಾದರೆ ಅದೇ ಹಾಡು. ಹಾಗಾಗಿ ಅವಳ ನಲ್ಲಿ ಒಣಗಿದ ಮೊದಲನೆಯ ದಿನ ನನಗೆ ಒಳಗೊಳಗೇ ಖುಷಿಯಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು? ಎರಡನೆಯ ದಿನ ಖುಷಿ ಅರ್ಧಕ್ಕಿಳಿಯಿತು. ಮೂರನೆಯ ದಿನ ನನಗೇ ಊಟ ಸೇರಲಿಲ್ಲ.

ನಮ್ಮೂರಿನಲ್ಲಿ ನೀರು ಹಾಡಿ ಕರೆದರೆ ಮಾತ್ರ ಬರುತ್ತದೆ. ಗುಡ್ಡದ ಮೇಲಿನ ದೊಡ್ಡ ತೊಟ್ಟಿಯ ಗೋಡೆಯಲ್ಲಿ ಅಡ್ಡಡ್ಡ ಐದು ಗೆರೆಗಳಿವೆ. ಬೆಳಗಾಗುವ ಹೊತ್ತಿಗೆ ಆ ಗೆರೆಗಳ ಮೇಲೂ ನಡುವಿನ ಸಂದುಗಳಲ್ಲೂ ಒದ್ದೆ ಚುಕ್ಕೆಗಳು ಮೂಡಿರುತ್ತವೆ, ಒಂದು ದಿನ ಐದು, ಒಂದು ದಿನ ಏಳು. ಬಿಸಿಲೇರಿ ಅವು ಆರುವ ಮೊದಲು ನಾನು ಗುಡ್ಡ ಹತ್ತಿ, ಚುಕ್ಕೆಗಳನ್ನು ಇದ್ದದ್ದು ಇದ್ದ ಹಾಗೆ ಹಾಳೆಗೆ ಇಳಿಸಿಕೊಂಡು ಬಂದು, ಊರಿನ ಎರಡೂ ಬೀದಿಗಳ ಕರಿಹಲಗೆಗೆ ಬರೆಯುತ್ತೇನೆ. ಇದು ನಮ್ಮ ಅತ್ತೆಯ ಕೆಲಸವಾಗಿತ್ತು, ಅವರ ಕೈ ನಡುಗತೊಡಗಿದ ಮೇಲೆ ನನಗೆ ಬಂತು. ಮನೆಯವರಲ್ಲಿ ಯಾರಾದರೊಬ್ಬರು ಹಲಗೆ ನೋಡಿ, ತಮ್ಮ ನಲ್ಲಿಯ ಮುಂದೆ ನಿಂತು ಆ ಚುಕ್ಕೆಗಳನ್ನು ಹಾಡಿದರೆ ಆ ದಿನದ ನೀರು ಬರುತ್ತದೆ. ನಾನು ಸಾಮಾನ್ಯವಾಗಿ ನಾಲ್ಕನೆಯ ಸಲಕ್ಕೆ ಸರಿಯಾಗಿ ಹಾಡುತ್ತೇನೆ.

ಚುಕ್ಕೆ ಎಲ್ಲರಿಗೂ ಒಂದೇ. ಆದರೆ ಅದು ಯಾವ ಸ್ವರ ಎಂದು ಹೇಳುವುದು ಚುಕ್ಕೆಯಲ್ಲ, ಗುರುತು. ಪ್ರತಿ ನಲ್ಲಿಯ ಮೇಲಿನ ಕಲ್ಲಿನಲ್ಲಿ ಐದು ಗೆರೆ ಎಳೆದು ಎಡತುದಿಗೆ ಒಂದು ಗುರುತು ಬರೆದಿರುತ್ತಾರೆ. ನಮ್ಮ ಮೇಲುಬೀದಿಯದು ಸುರುಳಿ ಗುರುತು. ಅದರ ಹೊಟ್ಟೆ ಕೆಳಗಿನಿಂದ ಎರಡನೆಯ ಗೆರೆಯನ್ನು ಸುತ್ತಿಕೊಂಡಿರುತ್ತದೆ, ಆ ಗೆರೆ ಪ. ಇಳಿಜಾರಿನ ಕೆಳಬೀದಿಯದು ಕಿವಿ ಗುರುತು. ಕಿವಿಯ ಪಕ್ಕ ಎರಡು ಓಲೆಯ ಹಾಗೆ ಎರಡು ಬೊಟ್ಟು, ಆ ಬೊಟ್ಟುಗಳ ನಡುವೆ ಹಾದುಹೋಗುವ ಗೆರೆ ಮ, ಅದೂ ಕೆಳಗಿನ ಸ್ಥಾಯಿಯ ಮ. ಗುರುತು ಒಂದು ಗೆರೆಯ ಹೆಸರನ್ನಷ್ಟೇ ಹೇಳುತ್ತದೆ. ಉಳಿದದ್ದನ್ನು ಅಲ್ಲಿಂದ ಮೇಲಕ್ಕೂ ಕೆಳಕ್ಕೂ ನಾವೇ ಎಣಿಸಿಕೊಳ್ಳಬೇಕು. ಸುರುಳಿಯ ಸ್ವರಗಳು ಎತ್ತರ, ಕಿವಿಯವು ತಗ್ಗು, ಹೀಗಾಗಿ ನಮ್ಮ ಬೀದಿಯಲ್ಲಿ ಹೆಂಗಸರು ಹಾಡುತ್ತಾರೆ, ಗಂಡಸರು ಹೆಂಡಿರು ಹಾಡಿದ ನೀರಲ್ಲಿ ಸ್ನಾನ ಮಾಡುತ್ತಾರೆ. ಕೆಳಬೀದಿಯಲ್ಲಿ ಗಂಡಸರು ಹಾಡುತ್ತಾರೆ, ಹೆಂಗಸರು ಹಾಸಿಗೆಯಲ್ಲಿ ಇನ್ನೊಂದು ಮಗ್ಗುಲು ಹೊರಳುತ್ತಾರೆ. ಅವರ ಮೇಲೆ ನಮಗೆ ಸ್ವಲ್ಪ ಹೊಟ್ಟೆಕಿಚ್ಚು ಉಂಟು.

ಹೊಂಬಾಳಕ್ಕ ನೀಲಿ ಬಣ್ಣ ಹಾಕುವವಳು. ಅವಳ ಹಿತ್ತಿಲಿನ ಬಂಡೆಯಲ್ಲೇ ಕೊರೆದ ಮೂರು ತೊಟ್ಟಿಗಳಿವೆ. ಅವಳ ತಾಯಿ ಹದಗೊಳಿಸಿದ ನೀಲಿ ಮೂರನೆಯದರಲ್ಲಿ ಇವತ್ತಿಗೂ ಇದೆ. ದಿನಾ ಒಂದಿಷ್ಟು ನೀರು ಕುಡಿಸಿ, ಕೋಲಿನಿಂದ ಕದಡಿ, ಮಗುವನ್ನು ಸಾಕಿದಂತೆ ಸಾಕಬೇಕು, ಒಣಗಿದರೆ ಸತ್ತಂತೆಯೇ, ಮತ್ತೆ ಹದ ಬರುವುದಿಲ್ಲ. ಅವಳ ಗಂಡ ಬೋರಣ್ಣ ಕೆಳಬೀದಿಯವರು. ಮದುವೆಯಾದ ಮೇಲೆ ತೊಟ್ಟಿಗಳನ್ನು ಹೊತ್ತುಕೊಂಡು ಹೋಗುವುದು ಸಾಧ್ಯವಿಲ್ಲವೆಂದು ಅವರೇ ಇಲ್ಲಿಗೆ ಬಂದರು. ಬಟ್ಟೆ ಹಿಂಡುವುದು, ಹರಡುವುದು, ಮಡಿಸುವುದು ಅವರ ಪಾಲು. ಅವರ ದನಿ ಬಾವಿಯೊಳಗಿಂದ ಬಂದಂತೆ ಇರುತ್ತದೆ. ಸುರುಳಿಯ ಸ್ವರಗಳ ಹತ್ತಿರಕ್ಕೂ ಅದು ಹೋಗದು, ಹಾಗಾಗಿ ಮೂವತ್ತೊಂದು ವರ್ಷ ಆ ಮನೆಯ ನೀರೆಲ್ಲ ಹೊಂಬಾಳಕ್ಕನೇ ಹಾಡಿದ್ದು. ಹಾಡುತ್ತಿದ್ದಳು ಕೂಡ. ನನ್ನ ಶ್ರುತಿಯ ಮೇಲೆ ನಗುವ ಹಕ್ಕು ಅವಳಿಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಐವತ್ತಮೂರು ತುಂಬಿದ ವರ್ಷ ಅವಳ ದನಿ ಇಳಿಯಿತು. ಅವಳು ಅದನ್ನು ಶೀತ ಎಂದಳು. ಶುಂಠಿ ಕಷಾಯ ಕುಡಿದಳು, ಕತ್ತಿಗೆ ಉಣ್ಣೆಬಟ್ಟೆ ಸುತ್ತಿಕೊಂಡಳು. ಮೇಲಿನ ಸ ಬರುವ ಜಾಗಕ್ಕೆ ಹೋದರೆ ದನಿ ಎರಡಾಗಿ ಸೀಳುತ್ತಿತ್ತು, ನಲ್ಲಿ ಬರೀ ಗಾಳಿ ಉಗುಳುತ್ತಿತ್ತು. ಒಂದು ಸ್ಥಾಯಿ ಇಳಿಸಿ ಹಾಡಿ ನೋಡಿದಳು. ನಲ್ಲಿಗೆ ಅಂಥ ಮೋಸ ಗೊತ್ತಾಗುತ್ತದೆ, ಮುಚ್ಚಿಕೊಂಡೇ ಇತ್ತು. ನಾವೆಲ್ಲ ಸುಮ್ಮನಿರಲಿಲ್ಲ, ನಮ್ಮ ನಮ್ಮ ನಲ್ಲಿಯಿಂದ ಬಿಂದಿಗೆ ತುಂಬಿಸಿ ಕೊಂಡೊಯ್ದೆವು. ಏನಾಗುತ್ತದೆಂದು ಗೊತ್ತಿದ್ದೂ ಕೊಂಡೊಯ್ದೆವು. ನಮ್ಮೂರಿನಲ್ಲಿ ಒಬ್ಬರು ಹಾಡಿದ ನೀರು ಇನ್ನೊಬ್ಬರ ಹೊಸ್ತಿಲು ದಾಟುವುದಿಲ್ಲ, ಒಳಗೆ ಕಾಲಿಟ್ಟರೆ ಬಿಂದಿಗೆ ಹಗುರವಾಗಿಬಿಡುತ್ತದೆ. ಹೊಟ್ಟೆಗೆ ಇಳಿದದ್ದು ಮಾತ್ರ ನಿಲ್ಲುತ್ತದೆ. ಹಾಗಾಗಿ ಗಂಡ ಹೆಂಡತಿ ಕುಡಿಯುವುದಕ್ಕೂ ಮೀಯುವುದಕ್ಕೂ ಕೆಳಬೀದಿಗೆ, ಬೋರಣ್ಣನ ತಮ್ಮನ ಮನೆಗೆ ಹೋಗಿಬರುತ್ತಿದ್ದರು. ತೊಟ್ಟಿಗಳನ್ನು ಅಲ್ಲಿಗೆ ಕರೆದೊಯ್ಯುವುದು ಹೇಗೆ? ನಾಲ್ಕನೆಯ ದಿನ ನಾನು ಕರಿಬೇವು ಕೇಳುವ ನೆಪದಲ್ಲಿ ಹಿತ್ತಿಲಿಗೆ ಹೋದಾಗ ನೀಲಿ ಒಂದು ಗೇಣು ಕೆಳಗಿಳಿದಿತ್ತು. ಬೋರಣ್ಣ ಕೋಲು ಹಿಡಿದು ಕದಡುತ್ತ, ತೊಟ್ಟಿಯ ಗೋಡೆಯ ಮೇಲೆ ಉಳಿದ ನೀಲಿ ಪಟ್ಟೆಯನ್ನೇ ನೋಡುತ್ತಿದ್ದರು.

ಊರಿನ ನಿಯಮ ಎಲ್ಲರಿಗೂ ಗೊತ್ತು. ಹನ್ನೊಂದು ಬೆಳಗು ನಲ್ಲಿ ಒಣಗಿದರೆ ನೀರಿನ ಮೇಸ್ತ್ರಿ ಬಂದು ಅದಕ್ಕೆ ಬಿರಡೆ ಹೊಡೆಯುತ್ತಾರೆ. ಮನೆಯವರು ತಮ್ಮ ದನಿಗೆ ಒಗ್ಗುವ ಬೀದಿಗೆ ಹೋಗಬೇಕು. ಇದರಲ್ಲಿ ಯಾರಿಗೂ ಅನ್ಯಾಯ ಕಂಡಿರಲಿಲ್ಲ. ಎಷ್ಟೋ ಮನೆಗಳು ಹಾಗೆ ಬೀದಿ ಬದಲಿಸಿ ಸುಖವಾಗಿಯೇ ಇವೆ.

ಐದನೆಯ ದಿನ ನಾನು ತಡೆಯಲಾರದೆ ಹೊಂಬಾಳಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದು ಶೀತವಲ್ಲ, ದನಿ ಇಳಿದಿದೆ, ಇನ್ನು ಏರುವುದಿಲ್ಲ ಅಂದೆ. ಶ್ರುತಿ ಗೊತ್ತಿಲ್ಲದವಳು ತನಗೆ ದನಿಯ ಪಾಠ ಹೇಳುವ ಕಾಲ ಬಂತಲ್ಲ ಎಂದು ಅವಳು ಬೀದಿಗೆಲ್ಲ ಕೇಳುವಂತೆ ಬೈದು ಬಾಗಿಲು ಹಾಕಿಕೊಂಡಳು. ನನಗೂ ಸಿಟ್ಟು ಬಂತು, ಸಾಯಲಿ ಅಂದುಕೊಂಡು ಬಂದು ಅಕ್ಕಿ ಆರಿಸಲು ಕೂತೆ. ಸಂಜೆಯ ಹೊತ್ತಿಗೆ ಅವಳೇ ಬಂದು ನನ್ನ ಜಗಲಿಯ ಮೇಲೆ ಕೂತಳು. ತುಂಬ ಹೊತ್ತು ಮೊರದಲ್ಲಿದ್ದ ಕಲ್ಲನ್ನು ಅವಳೂ ಆರಿಸಿದಳು.

"ಬೀದಿ ಬಿಟ್ರೆ ತೊಟ್ಟಿ ಬಿಡ್ಬೇಕು ಪಾರಿ," ಎಂದಳು ಕೊನೆಗೆ. "ತೊಟ್ಟಿ ಬಿಟ್ಮೇಲೆ ನಾನ್ಯಾರೇ?"

ಅವಳು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಇಷ್ಟು ವರ್ಷ ನನ್ನನ್ನು ಹುರಿದು ಮುಕ್ಕಿದವಳು ಈ ಬೀದಿಯಲ್ಲಿ ಇರುವುದಿಲ್ಲ ಎಂದರೆ ಬೆಳಗ್ಗೆ ಎದ್ದು ನಾನು ಯಾರಿಗೆ ಕೇಳಲೆಂದು ತಪ್ಪು ಹಾಡಬೇಕು?

ಅವಳು ಹೋದ ಮೇಲೆ ಅಟ್ಟದಿಂದ ಅತ್ತೆಯ ಗುರುತಿನ ಪುಸ್ತಕ ಇಳಿಸಿದೆ. ಸುರುಳಿ, ಕಿವಿ ಎರಡನ್ನೂ ಹೇಗೆ ತಿದ್ದಬೇಕೆಂದು ಅದರಲ್ಲಿ ಬರೆದಿದ್ದಾರೆ. ಕೊನೆಯ ಕಡೆ ಇನ್ನೊಂದು ಗುರುತಿದೆ, ಯಾವ ಬೀದಿಯಲ್ಲೂ ಇಲ್ಲದ್ದು. ಎರಡು ಬಿಲ್ಲುಗಳನ್ನು ಒಂದರ ಮೇಲೊಂದು ನಿಲ್ಲಿಸಿದ ಹಾಗೆ, ಅವು ಕೂಡುವ ಕಡೆ ಒಂದು ಸಣ್ಣ ಸೊಂಟ. ಆ ಸೊಂಟ ಯಾವ ಗೆರೆಯ ಮೇಲೆ ಕೂರುತ್ತದೋ ಆ ಗೆರೆ ನಡುಸ್ಥಾಯಿಯ ಸ. ಇದನ್ನು ಯಾವ ಗೆರೆಗೆ ಬೇಕಾದರೂ ಸರಿಸಬಹುದು, ಮೇಲೂ ಅಲ್ಲದ ಕೆಳಗೂ ಅಲ್ಲದ ದನಿಯವರಿಗೆ ಇದು, ಎಂದು ಅತ್ತೆಯ ಉರುಟು ಅಕ್ಷರದಲ್ಲಿತ್ತು. ಮಾರನೆಯ ಬೆಳಗ್ಗೆ ಬಣ್ಣದ ಡಬ್ಬಿ ತೆಗೆದುಕೊಂಡು ಹೋಗಿ, ಹೊಂಬಾಳಕ್ಕನ ನಲ್ಲಿಯ ಕಲ್ಲಿನಿಂದ ಸುರುಳಿಯನ್ನು ಕೆರೆದು ಹಾಕಿ, ನಟ್ಟನಡುವಿನ ಗೆರೆಗೆ ಸೊಂಟ ಕೂರಿಸಿ ಜೋಡಿಬಿಲ್ಲು ಬರೆದೆ.

ಅವಳು ಅದನ್ನು ನೋಡಿ ಸಂತೋಷಪಟ್ಟಳು ಅಂದುಕೊಂಡಿರಾ? ಸುರುಳಿ ಬೀದಿಯಲ್ಲಿ ತನ್ನದೊಂದೇ ನಲ್ಲಿಗೆ ಯಾರಿಗೂ ಬೇಡದ ಗುರುತು, ಇದಕ್ಕಿಂತ ಬಿರಡೆಯೇ ವಾಸಿ ಅಂದಳು. ಅಷ್ಟರಲ್ಲಿ ಸುದ್ದಿ ಮುಟ್ಟಿ ಮೇಸ್ತ್ರಿ ಚೌಡಪ್ಪನವರು ಬಂದರು. ಗುರುತು ಇರುವುದು ಬೀದಿಗೆ, ಮನೆಗೊಂದು ಗುರುತು ಎಂದು ಶುರುವಾದರೆ ಊರಲ್ಲಿ ನೀರಿನ ಗತಿ ಏನು ಎಂದು ಕೇಳಿದರು. ನಾನು ಪುಸ್ತಕ ತೋರಿಸಿದೆ. ಬೀದಿ ಹಾಡುವುದಿಲ್ಲ, ಹಾಡುವುದು ದನಿ, ಆದ್ದರಿಂದ ಗುರುತು ದನಿಗೆ ಎಂದೆ. ನನಗೆ ಮಾತು ಬರುವುದು ಹೆಚ್ಚು, ಅವರಿಗೆ ಕೇಳುವ ತಾಳ್ಮೆ ಕಡಿಮೆ. ಕೊನೆಗೆ ತಲೆ ಕೆರೆದುಕೊಂಡು, ಹನ್ನೊಂದನೆಯ ಬೆಳಗಿನ ತನಕ ಸಮಯವಿದೆ, ಅಷ್ಟರಲ್ಲಿ ಈ ಗುರುತಿಗೆ ನೀರು ಬಂದರೆ ಇರಲಿ, ಬರದಿದ್ದರೆ ಬಿರಡೆ ಎಂದು ಹೇಳಿ ಹೋದರು. ಬೋರಣ್ಣ ಒಗೆದ ಬಟ್ಟೆಯ ಹಾಗೆ ಮುದುಡಿ ನಿಂತಿದ್ದರು. ಹೆಂಡತಿಯ ಕಡೆ ತಿರುಗಿ, "ಒಂದ್ಸಲ ನೋಡೇ," ಎಂದರು. ಅವರು ಅಷ್ಟು ಹೇಳಿದ್ದೇ ದೊಡ್ಡದು.

ಅವಳು ನೋಡಿದಳು. ಹಾಡಿದಳು. ದನಿ ಎಲ್ಲೂ ಸೀಳಲಿಲ್ಲ, ಬೆಣ್ಣೆಯಂತೆ ಇತ್ತು. ಆದರೂ ನಲ್ಲಿ ಒಂದು ಸೀನು ಸೀನಿ ಸುಮ್ಮನಾಯಿತು. ಮತ್ತೆ ಹಾಡಿದಳು, ಮತ್ತೆ ಸೀನು. ನಾನು ಬೆರಳು ಮಡಿಸಿ ಎಣಿಸಿದೆ. ಆಗ ಗೊತ್ತಾಯಿತು, ಅವಳು ಪ್ರತಿ ಚುಕ್ಕೆಯನ್ನೂ ಒಂದೊಂದು ಸ್ವರ ಕೆಳಗೆ ಹಾಡುತ್ತಿದ್ದಳು. ಕೆಳಗಿನಿಂದ ಎರಡನೆಯ ಗೆರೆ ಸುರುಳಿಯಲ್ಲಿ ಪ. ಜೋಡಿಬಿಲ್ಲಿನಲ್ಲಿ ನಡುಗೆರೆ ಸ ಆದರೆ, ಅಲ್ಲಿಂದ ಇಳಿದರೆ ಸಂದಿಯಲ್ಲಿ ನಿ, ಎರಡನೆಯ ಗೆರೆಗೆ ದ. ಅವಳ ಕಣ್ಣಿಗೆ ಅಲ್ಲಿ ಇನ್ನೂ ಪ ಕೂತಿತ್ತು. ಕೆಳಬೀದಿಯಲ್ಲಿ ಅಪ್ಪಂದಿರ ಹಾಡು ಕೇಳಿ ಬೆಳೆದು ನಮ್ಮಲ್ಲಿಗೆ ಬರುವ ಸೊಸೆಯಂದಿರು ಮಾಡುವ ತಪ್ಪೂ ಇಂಥದ್ದೇ. ಅವರನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರಲ್ಲಿ ಇವಳೇ ಮೊದಲಿಗಳು.

ನಾನು ಇದನ್ನು ಹೇಳಿದರೆ ನಂಬಲಿಲ್ಲ. ಚುಕ್ಕೆ ಅಲ್ಲೇ ಇದೆ, ಗೆರೆ ಅದೇ, ಹಾಗಿದ್ದ ಮೇಲೆ ಸ್ವರ ಬೇರೆ ಹೇಗಾಗುತ್ತದೆ ಎಂದು ವಾದಿಸಿದಳು. ಮತ್ತೆ ಕಲ್ಲಿನ ಹತ್ತಿರ ಹೋಗಿ, ಕೆರೆದು ಹಾಕಿದ ಸುರುಳಿಯ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ನಲವತ್ತೈದು ವರ್ಷ ಹಾಡಿದೀನಿ," ಎಂದಳು. "ಈ ಕಡೆ ಒಂದ್ ದಿನಾನೂ ನೋಡಿರ್ಲಿಲ್ಲ ಕಣೇ."

ಅದು ನಿಜವೇ. ಹುಟ್ಟಿದ ಬೀದಿಯಲ್ಲೇ ಬಾಳಿದವರಿಗೆ ಗುರುತು ಕಾಣುವುದಿಲ್ಲ. ಹೊರಗಿನಿಂದ ಬಂದ ನನ್ನಂಥವರು ಮಾತ್ರ ದಿನಾ ಅದರ ಮುಖ ನೋಡಿ, ಎಣಿಸಿ, ಹೆದರಿಕೊಂಡು ಹಾಡುತ್ತೇವೆ. ಈ ಒಂದು ವಿಷಯದಲ್ಲಿ ನಾನು ಅವಳಿಗಿಂತ ಬಲ್ಲವಳಾದೆ. ಅದನ್ನು ಬಾಯಿಬಿಟ್ಟು ಹೇಳಿದೆ ಕೂಡ, ಬಿಡುತ್ತೇನೆಯೇ?

ಮುಂದಿನ ನಾಲ್ಕು ದಿನ ಪಾಠ ನಡೆಯಿತು. ಚುಕ್ಕೆ ನೋಡಬೇಡ, ಮೊದಲು ಸೊಂಟದ ಮೇಲೆ ಬೆರಳಿಡು, ಸ ಅನ್ನು, ಆಮೇಲೆ ಮೆಟ್ಟಿಲು ಹತ್ತಿದ ಹಾಗೆ ಹತ್ತು, ಇಳಿ, ಎಂದು ಹೇಳಿಕೊಟ್ಟೆ. ಹಳೆಯ ಹಾಳೆಗಳನ್ನೆಲ್ಲ ತಂದು, ಹೋದ ವರ್ಷದ ಚುಕ್ಕೆಗಳನ್ನು ಹಾಡಿಸಿದೆ. ನಡುನಡುವೆ ಸುರುಳಿ ಎದ್ದು ಬರುತ್ತಿತ್ತು, ಅವಳು ತನ್ನ ತಲೆಗೇ ಒಂದು ಕೊಟ್ಟುಕೊಳ್ಳುತ್ತಿದ್ದಳು. ನಾನು ಹಾಡಿ ತೋರಿಸಿದರೆ, ನನ್ನ ಶ್ರುತಿ ಕೇಳಿ ಇರುವುದೂ ಮರೆತುಹೋಗುತ್ತದೆ ಎಂದು ಗೊಣಗುತ್ತಿದ್ದಳು. ಅವಳು ಗೊಣಗಿದ್ದು ಕೇಳಿ ನನಗೆ ಧೈರ್ಯ ಬಂತು. ಬೋರಣ್ಣ ಬಾಗಿಲ ಹತ್ತಿರ ಬಟ್ಟೆ ಮಡಿಸುತ್ತ ಕೂತಿರುತ್ತಿದ್ದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಾರೆ ಎಂದು ನನಗೆ ಎರಡನೆಯ ದಿನ ಗೊತ್ತಾಯಿತು. ಅಷ್ಟರಲ್ಲಿ ಎರಡು ತೊಟ್ಟಿ ತಳ ಕಂಡಿದ್ದವು. ಮೂರನೆಯದರಲ್ಲಿ, ತಾಯಿಯ ಕಾಲದ ಹಳೆಯ ನೀಲಿ ಇದ್ದ ತೊಟ್ಟಿಯಲ್ಲಿ, ನಾಲ್ಕು ಬೆರಳಿನಷ್ಟು ಉಳಿದಿತ್ತು. ಹತ್ತನೆಯ ಬೆಳಗ್ಗೆ ಅವಳು ಒಂದೂ ತಪ್ಪಿಲ್ಲದೆ ಏಳು ಚುಕ್ಕೆಗಳಲ್ಲಿ ಆರನ್ನು ಹಾಡಿದಳು. ಏಳನೆಯದರಲ್ಲಿ ಕಣ್ಣು ಜಾರಿತು. ಎರಡನೆಯ ಸಲ ಹಾಡಲು ಗಂಟಲು ಬತ್ತಿತ್ತು.

ಹನ್ನೊಂದನೆಯ ಬೆಳಗ್ಗೆ ಗುಡ್ಡದ ಗೋಡೆಯನ್ನು ಎರಡೆರಡು ಸಲ ನೋಡಿದೆ. ಆರು ಚುಕ್ಕೆ. ಮೊದಲ ಐದು ನಡುವಿನಲ್ಲಿ ಸಲೀಸಾಗಿದ್ದವು. ಕೊನೆಯದು ಐದು ಗೆರೆಗೂ ಕೆಳಗೆ ಇಳಿದು ನೇತಾಡುತ್ತಿತ್ತು. ಸುರುಳಿಯವರಿಗೆ ಅದು ರಿ, ಏನೂ ಕಷ್ಟವಿಲ್ಲ. ಜೋಡಿಬಿಲ್ಲಿನವಳಿಗೆ ಅದು ಕೆಳಗಿನ ಸ್ಥಾಯಿಯ ಗ. ಅವಳ ದನಿ ಎಷ್ಟೇ ಇಳಿದಿದ್ದರೂ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಚುಕ್ಕೆಯನ್ನು ಒಂದು ಗೆರೆ ಮೇಲಕ್ಕೆ ಬರೆದುಬಿಡಲೇ ಎಂಬ ಯೋಚನೆ ಬಂತು. ಬರೆದರೆ ಇಡೀ ಊರಿನ ನಲ್ಲಿ ಒಣಗುತ್ತದೆ. ಇದ್ದ ಹಾಗೇ ಇಳಿಸಿಕೊಂಡು ಬಂದೆ, ದಾರಿಯುದ್ದಕ್ಕೂ ಅಳು ಬರುತ್ತಿತ್ತು.

ಮೇಸ್ತ್ರಿ ಆಗಲೇ ಬಿರಡೆ ಮತ್ತು ಮರದ ಸುತ್ತಿಗೆ ಹಿಡಿದು ಬಂದಿದ್ದರು. ಬೀದಿಯವರೆಲ್ಲ ತಮ್ಮ ನೀರು ಹಾಡಿ ಮುಗಿಸಿ ಬಂದು ನಿಂತಿದ್ದರು. ಹೊಂಬಾಳಕ್ಕ ಹಲಗೆ ನೋಡಿದಳು, ಕೊನೆಯ ಚುಕ್ಕೆಯ ಮೇಲೆ ಅವಳ ಕಣ್ಣು ನಿಂತಿತು, ನನ್ನ ಕಡೆ ತಿರುಗಿ ನೋಡಿದಳು. ನಲ್ಲಿಯ ಮುಂದೆ ಬಂದು, ಸೊಂಟದ ಮೇಲೆ ಬೆರಳಿಟ್ಟು, ಶುರು ಮಾಡಿದಳು. ಸ. ರಿ. ಸ. ದ. ಎರಡನೆಯ ಗೆರೆಗೆ ದ ಎಂದೇ ಹಾಡಿದಳು. ಪ. ಅಲ್ಲಿಯ ತನಕ ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಲ್ಲಿಯ ಒಳಗೆ ನೀರು ಸರಿದು ಬರುವ ಸದ್ದು ಎಲ್ಲರಿಗೂ ಕೇಳಿಸಿತು. ಗ ಎನ್ನಲು ಬಾಯಿ ತೆರೆದಳು. ಬರೀ ಉಸಿರು ಬಂತು. ಮತ್ತೊಮ್ಮೆ ತೆರೆದಳು. ಒಳಗಿನ ಸದ್ದು ಹಿಂದೆ ಸರಿಯತೊಡಗಿತು.

ಆಗ ಅವಳ ಹಿಂದಿನಿಂದ ಗ ಬಂತು. ಕೊಡಪಾನ ಹಿಡಿದು ನಿಂತಿದ್ದ ಬೋರಣ್ಣ ಹಾಡಿದ್ದರು. ಕಣ್ಣು ಮುಚ್ಚಿಕೊಂಡಿದ್ದರು. ಆ ದನಿ ನೆಲದಿಂದ ನಮ್ಮ ಪಾದಕ್ಕೆ ಹತ್ತಿ ಬಂದಂತಾಯಿತು. ನಲ್ಲಿ ತಡಮಾಡಲಿಲ್ಲ. ನೀರು ಬಿತ್ತು, ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ, ಅವಳ ಸೀರೆಯ ನೆರಿಗೆಯೆಲ್ಲ ನೆನೆಯುವಷ್ಟು ಜೋರಾಗಿ. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟರು. ಇಬ್ಬರು ಸೇರಿ ಹಾಡಬಹುದೇ ಎಂದು ಯಾರೋ ಕೇಳಿದ್ದಕ್ಕೆ, ಮನೆಯವರು ಹಾಡಬೇಕು ಎಂದಷ್ಟೇ ನಿಯಮ ಇರುವುದು, ಎಷ್ಟು ಮಂದಿ ಎಂದು ಇಲ್ಲ ಎಂದು ಗದರಿದರು. ಅವರ ಮುಖ ನಮ್ಮೆಲ್ಲರಿಗಿಂತ ಹೆಚ್ಚು ಅರಳಿತ್ತು.

ಹೊಂಬಾಳಕ್ಕ ಗಂಡನ ಕಡೆ ತಿರುಗಿದಳು. ಕೊಡಪಾನ ಇಡಬೇಕೆಂಬುದನ್ನೂ ಇಬ್ಬರೂ ಮರೆತಿದ್ದರು.

"ಮೂವತ್ತೊಂದ್ ವರ್ಷ ಒಂದಿನಾನೂ ಬಾಯಿ ಬಿಡ್ಲಿಲ್ವಲ್ರೀ ನೀವು," ಎಂದಳು.

"ಎಟುಕ್ತಿರ್ಲಿಲ್ಲ ಕಣೇ," ಎಂದರು ಬೋರಣ್ಣ. "ನೀನು ಹಾಡೋ ಕಡೆ ನಂಗೆ ಎಟುಕ್ತಿರ್ಲಿಲ್ಲ."

ನಾನೇ ಮುಂದೆ ಹೋಗಿ ಅವರ ಕೈಯಿಂದ ಕೊಡಪಾನ ಕಿತ್ತುಕೊಂಡು ನಲ್ಲಿಯ ಕೆಳಗೆ ಇಟ್ಟೆ. ಮೊದಲ ಕೊಡ ಮೂರನೆಯ ತೊಟ್ಟಿಗೆ ಹೋಯಿತು. ಸಂಜೆಯ ತನಕ ಕದಡಿದ ಮೇಲೆ ನೀಲಿಯ ಮೇಲೆ ನೊರೆ ಎದ್ದಿತು, ಬದುಕಿತು ಎಂದು ಅವಳು ತನ್ನ ಜಗಲಿಗೆ ಬಂದು ಕೂಗಿ ಹೇಳಿದಳು. ನಾನು ಆ ದಿನ ಎರಡು ಹೊತ್ತಿನ ಊಟವನ್ನು ಒಟ್ಟಿಗೆ ಮಾಡಿದೆ.

ಈಗ ನಮ್ಮ ಬೀದಿಯಲ್ಲಿ ನಾಲ್ಕು ಜೋಡಿಬಿಲ್ಲುಗಳಿವೆ, ಕೆಳಬೀದಿಯಲ್ಲಿ ಮೂರು. ಒಬ್ಬೊಬ್ಬರಿಗೆ ಒಂದೊಂದು ಗೆರೆಯ ಮೇಲೆ ಸೊಂಟ ಕೂರಿಸಿಕೊಟ್ಟಿದ್ದೇನೆ. ಮೇಸ್ತ್ರಿ ಬೈಯುತ್ತಲೇ ಪಟ್ಟಿಯಲ್ಲಿ ಹೆಸರು ಸೇರಿಸುತ್ತಾರೆ. ಚುಕ್ಕೆಗಳು ಮೇಲೆ ಮೂಡಿದ ದಿನ ಎದುರುಮನೆಯಲ್ಲಿ ಹೊಂಬಾಳಕ್ಕ ಹಾಡುತ್ತಾಳೆ, ಕೆಳಗೆ ಮೂಡಿದ ದಿನ ಬೋರಣ್ಣ ಹಾಡುತ್ತಾರೆ, ಅವಳು ಹೊದ್ದುಕೊಂಡು ಮಲಗಿರುತ್ತಾಳೆ. ತೊಂದರೆ ಇರುವುದು ಎಲ್ಲ ಚುಕ್ಕೆಗಳೂ ನಡುವಿನಲ್ಲೇ ಬಿದ್ದ ದಿನ. ಇವತ್ತು ನನ್ನದು ಎಂದು ಅವಳು, ನಿನ್ನೆಯೂ ನಿನ್ನದೇ ಆಯಿತಲ್ಲ ಎಂದು ಅವರು, ನಲ್ಲಿಯ ಮುಂದೆ ನಿಂತು ಜಗಳ. ಮಾತೇ ಆಡದಿದ್ದ ಮನುಷ್ಯನಿಗೆ ಈಗ ಎಷ್ಟು ಮಾತು! ಹೊತ್ತು ಏರುತ್ತದೆ, ನಾನು ನನ್ನ ಮೂರನೆಯ ಸಲದ ಹಾಡು ನಿಲ್ಲಿಸಿ ನೋಡುತ್ತೇನೆ. ಕೊನೆಗೆ ಇಬ್ಬರೂ ಒಟ್ಟಿಗೆ ಶುರು ಮಾಡುತ್ತಾರೆ. ನಲ್ಲಿ ಮೊದಲನೆಯ ಸ್ವರಕ್ಕೇ ನೀರು ಬಿಟ್ಟುಬಿಡುತ್ತದೆ, ಆದರೂ ಅವರು ಕೊನೆಯ ಚುಕ್ಕೆಯವರೆಗೂ ಹಾಡುತ್ತಾರೆ.